ಮೇಲಿನಿಂದ ಬರೆದ ದಾರಿ

ಅಂಗಡಿ
ಜನವರಿ 9

ಸೂಜೀ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಬೆಟ್ಟಕ್ಕೆ ಫೋನು ಹತ್ತುವುದಿಲ್ಲವಾದ್ದರಿಂದ ಹಾಗೆ ಅಂದುಕೊಳ್ಳುವುದೇ ನಮಗೆ ಗತಿ. ಈ ಕಾಗದವನ್ನು ನೀನೊಬ್ಬನೇ ಓದು.

ಅಪ್ಪನ ಕಣ್ಣು ಪೂರ್ತಿ ಹೋಗಿದೆ. ಹೋದ ಸಲ ನೀನು ಬಂದಾಗ "ಸ್ವಲ್ಪ ಮಂಜು ಮಂಜು" ಎಂದಿದ್ದರಲ್ಲ, ಆಗಲೇ ಮುಕ್ಕಾಲು ಹೋಗಿತ್ತಂತೆ. ಈಗ ದೀಪ ಹಾಕಿದರೂ ಆರಿಸಿದರೂ ಒಂದೇ. ನರ ಒಣಗಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ನಿನಗೆ ತಿಳಿಸಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. "ಹೇಳಿದ್ರೆ ಅವನು ಕೆಲಸ ಬಿಟ್ಟು ಗಂಟುಮೂಟೆ ಕಟ್ಕೊಂಡು ಬಂದುಬಿಡ್ತಾನೆ. ಬಂದು ಏನ್ ಮಾಡ್ತಾನೆ? ನನ್ನ ಮುಖ ನೋಡ್ಕೊಂಡು ಕೂತಿರ್ತಾನಾ?" ಎಂದರು. ಆ ಮಾತು ಮುರಿದು ಬರೆಯುತ್ತಿದ್ದೇನೆ.

ನನಗೆ ಕಣ್ಣಿನದಕ್ಕಿಂತ ಬೇರೆ ಭಯ ಹತ್ತಿದೆ. ಅಪ್ಪ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿಲ್ಲ. ಮೆಟ್ಟಿಲಿಳಿದರೆ ಅಂಗಡಿ, ಅಷ್ಟು ದೂರವೂ ಬರುವುದಿಲ್ಲ. ನಾನು ಕೈ ಹಿಡಿದರೆ ಕೊಡವಿಬಿಡುತ್ತಾರೆ. "ನಾನೇನು ಎಳೇ ಮಗುನಾ?" ಎನ್ನುತ್ತಾರೆ. ಸರಿ, ಹಿಡಿಯುವುದಿಲ್ಲ ನಡೆಯಿರಿ ಎಂದರೆ ನಡೆಯುವುದೂ ಇಲ್ಲ. ಪಕ್ಕದ ಮನೆಯ ಕಂಡಕ್ಟರ್ ಮಾವ ಸಂಜೆ ಬಂದು, "ಟೈಲರಣ್ಣ, ಏಳು, ಹಂಗೇ ಒಂದು ರೌಂಡ್ ಹೋಗಿ ಬರಾಣ" ಎಂದು ಕರೆದು ಕರೆದು ಸೋತಿದ್ದಾರೆ. ಅಂಗಡಿ ನಾನು ನಡೆಸುತ್ತೇನೆ, ಅದರ ಚಿಂತೆ ಬೇಡ. ಆದರೆ ಹೀಗೇ ಬಿಟ್ಟರೆ ಅಪ್ಪ ಆ ಕುರ್ಚಿಯಲ್ಲೇ ಮುಗಿದುಹೋಗುತ್ತಾರೆ.

ನಿನ್ನ ಕಾಗದ ಬಂದ ದಿನ ಮಾತ್ರ ತಲೆ ಎತ್ತುತ್ತಾರೆ. ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕೇಳುತ್ತಾರೆ. ಅದಕ್ಕೇ ಹೆಚ್ಚು ಬರಿ. ನಿನಗೇನೂ ಗೊತ್ತಿಲ್ಲದವನ ಹಾಗೆ ಬರಿ. ನನಗೆ ಮಾತ್ರ ಹೇಳುವುದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಒಳಗಿಡು.

ಅಕ್ಕ


ಬೆಟ್ಟದ ಶೆಡ್ಡು
ಜನವರಿ 21

ಅಪ್ಪನಿಗೆ, ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ತೂಕ ಏರಿಲ್ಲ, ಹಾಗಾಗಿ ಅಪ್ಪ ಇಟ್ಟ ಹೆಸರಿಗೆ ಮೋಸವಾಗಿಲ್ಲ.

ಅಪ್ಪ, "ನಿನ್ನ ಕೆಲಸ ಏನೋ?" ಎಂದು ನೀವು ಯಾವಾಗಲೂ ಕೇಳುತ್ತೀರಿ, ನಾನು "ಕಾಡು ಕಾಯೋದು" ಎಂದು ತೇಲಿಸಿಬಿಡುತ್ತೇನೆ. ಈ ಸಲ ಸರಿಯಾಗಿ ಹೇಳುತ್ತೇನೆ. ಈ ರಾಷ್ಟ್ರೀಯ ಉದ್ಯಾನಕ್ಕೆ ಜನ ನಡೆಯುವುದಕ್ಕೆಂದೇ ಬರುತ್ತಾರೆ. ಗೇಟಿನಿಂದ ಬೆಟ್ಟದ ತುದಿಯಲ್ಲಿರುವ ನಮ್ಮ ಶೆಡ್ಡಿನವರೆಗೆ ಒಂದು ಕಾಲುದಾರಿ ಇದೆ. ಬೆಳಕು ಹರಿದ ಕೂಡಲೇ ನಾನು ಅದರಲ್ಲಿ ಕೆಳಗಿಳಿಯುತ್ತೇನೆ. ಮರ ಬಿದ್ದಿದೆಯೇ, ಕಲ್ಲು ಸಡಿಲವಾಗಿದೆಯೇ, ತೊರೆ ಏರಿದೆಯೇ ಎಂದು ನೋಡಿ ವಾಕಿಟಾಕಿಯಲ್ಲಿ ಹೇಳುತ್ತೇನೆ. ಗೇಟಿನ ಗುಮಾಸ್ತೆ ಅದನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾಳೆ, ಫೋನಿನಲ್ಲೂ ಓದಿ ಇಡುತ್ತಾಳೆ. ಯಾರು ಯಾವ ಹೊತ್ತಿನಲ್ಲಿ ಆ ನಂಬರು ಒತ್ತಿದರೂ "ಇಂದಿನ ದಾರಿಯ ಸ್ಥಿತಿ" ಎಂದು ಅವಳ ದನಿ ಶುರುವಾಗುತ್ತದೆ. ಕೆಳಗೆ ಮುಟ್ಟಿದ ಮೇಲೆ ಸಾಮಾನಿನ ಜೀಪು ಬೆಟ್ಟದ ಹಿಂದಿನ ಮಣ್ಣುರಸ್ತೆಯಲ್ಲಿ ನನ್ನನ್ನು ಮತ್ತೆ ಮೇಲಕ್ಕೆ ತಂದು ಬಿಡುತ್ತದೆ. ಇಳಿಯುವ ಸಂಬಳ ನನಗೆ, ಹತ್ತುವ ಸಂಬಳ ಜೀಪಿಗೆ.

ದಾರಿಯ ನಡುವೆ ಒಂದು ಬೇರು ಅಡ್ಡ ಮಲಗಿದೆ. ಅದು ಬರುವ ಮೊದಲೇ ನೆಲ ಮೆತ್ತಗಾಗುತ್ತದೆ, ಎಲೆ ಕೊಳೆತ ವಾಸನೆ ಬರುತ್ತದೆ, ನೆರಳಿನ ತಂಪು ಕುತ್ತಿಗೆಗೆ ತಾಗುತ್ತದೆ. ಬೂಟಿನ ಮೂತಿ ಟಕ್ಕನೆ ಬಡಿದರೆ ಅದೇ ಬೇರು. ತುಳಿದರೆ ಜಾರುತ್ತದೆ, ದಾಟಬೇಕು. ಆ ಮೆತ್ತನೆ ನೆಲಕ್ಕೂ ಮೊದಲು ಕಾಲ ಕೆಳಗೆ ಜಲ್ಲಿ ಸದ್ದು ಮಾಡುತ್ತಿರುತ್ತದೆ. ನನಗೆ ಆ ಸದ್ದು ಇಷ್ಟ.

ನಿಮ್ಮ ಸೂಜಿ

ಚೀಟಿ, ಅಕ್ಕನಿಗೆ ಮಾತ್ರ: ನಿನ್ನ ಕಾಗದ ಓದಿ ಚೀಲ ತುಂಬಿದ್ದೆ. ಶೆಡ್ಡಿನಲ್ಲಿ ಜೊತೆಗಿರುವ ನಮ್ಮ ಮೇಸ್ತ್ರಿ ನೋಡಿ, "ಎಲ್ಲಿಗಯ್ಯಾ? ಹೋಗಿ ಅಪ್ಪನ ಕಣ್ಣಾಗ್ತೀಯಾ? ಅವರು ಬೇಡ ಅಂದಿದ್ದಾರಲ್ಲ" ಎಂದು ಚೀಲ ಕಿತ್ತು ಮೂಲೆಗೆ ಎಸೆದರು. ನಿಜವಾಗಿ ಏನು ಮಾಡಲಿ ಅಕ್ಕ? "ಹಸಿರು ಪಾಚಿ" ಎಂದು ಬರೆದಿದ್ದೆ, ಹಾಳೆ ಹರಿದು ಮತ್ತೆ ಬರೆದೆ. ಇನ್ನು ಬಣ್ಣದ ಮಾತು ಬರೆಯುವುದಿಲ್ಲ.


ಅಂಗಡಿ
ಫೆಬ್ರವರಿ 2

ಸೂಜೀ,

ಬರಬೇಡ. ಬರಿ. ಏಕೆಂದು ಹೇಳುತ್ತೇನೆ.

ಬೇರಿನ ಭಾಗ ಓದಿ ಮುಗಿಸಿ ನಾನು ಕಾಗದ ಮಡಿಸುತ್ತಿದ್ದೆ. ಅಪ್ಪ, "ಇನ್ನೊಂದ್ಸಲ ಓದು" ಎಂದರು. ಓದಿದೆ. ಆಮೇಲೆ, "ಆ ಬೇರು ಎಷ್ಟೆತ್ತರ ಅಂತೆ? ಹರಡಿಗಾ, ಮೊಣಕಾಲಿಗಾ?" ಎಂದು ಕೇಳಿದರು. ಕಣ್ಣು ಹೋದ ಮೇಲೆ ಅಪ್ಪ ಯಾರನ್ನೂ ಏನನ್ನೂ ಕೇಳಿರಲಿಲ್ಲ ಕಣೋ. ನನಗೆ ಗೊತ್ತಿಲ್ಲ ಎಂದೆ. "ಅಳತೆ ಇಲ್ದೆ ಹೆಂಗೆ ಹೊಲಿಯೋದು?" ಎಂದು ಗದರಿದರು. ಆಮೇಲೆ ಕುರ್ಚಿ ಬಿಟ್ಟು ಎದ್ದರು, ಅಂಗಡಿಯ ಅಳತೆಕೋಲಿನಂತೆ ನೆಟ್ಟಗೆ ನಿಂತರು, ಬೇರು ದಾಟುವವರ ಹಾಗೆ ಕಾಲೆತ್ತಿ ಇಟ್ಟರು. ಅಷ್ಟೇ, ಮತ್ತೆ ಕೂತರು. ನಾನು ಅಡಿಗೆಮನೆಗೆ ಹೋಗಿ ಅತ್ತೆ.

ಮರುದಿನ ಕಂಡಕ್ಟರ್ ಮಾವನ ಎದುರಿಗೇ ಹೇಳಿದರು, "ಸೂಜಿ ನಡೆಯೋ ದಾರೀನ ನಾನು ನಡೀಬೇಕು. ಗೇಟಿಂದ ತುದೀವರೆಗೂ. ಯಾರೂ ನನ್ನ ಕೈ ಹಿಡೀಬಾರ್ದು." ಮಾವ ನಕ್ಕು, "ನೀನು ಮೊದಲು ಮನೆ ಹೊಸ್ತಿಲು ದಾಟು ಮಾರಾಯ" ಎಂದರು. ಅಪ್ಪ ಗೋಡೆ ತಡವಿಕೊಂಡು ಹೊಸ್ತಿಲು ದಾಟಿಯೇಬಿಟ್ಟರು! ದಾಟಿ, "ದಾಟಾಯ್ತು, ಮುಂದೆ?" ಎಂದರು.

ಹತ್ತಿಬಿಟ್ಟರೆ ಇನ್ನು ಯಾವ ಬೀದಿಗೂ ಹೆದರುವುದಿಲ್ಲವಂತೆ. ಆಗದಿದ್ದರೆ ಆ ಕುರ್ಚಿಯ ಸುದ್ದಿ ಯಾರೂ ಎತ್ತಬಾರದಂತೆ. ಇದು ಅವರ ಷರತ್ತು. ನಿನಗೆ ತಿಳಿಸಲು ಹೇಳಿರುವುದು ಮಾತ್ರ ಇಷ್ಟು: "ಕಣ್ಣು ಸ್ವಲ್ಪ ಮಂದ, ಅದಕ್ಕೆ ದಾರೀನ ಬಿಡಿಸಿ ಬಿಡಿಸಿ ಬರೀಲಿ."

ಬಿಡಿಸಿ ಬಿಡಿಸಿ ಬರಿ.

ಅಕ್ಕ


ಬೆಟ್ಟದ ಶೆಡ್ಡು
ಫೆಬ್ರವರಿ 14

ಅಪ್ಪ,

ಬೇರು ಮೊಣಕಾಲಿಗಿಂತ ಒಂದು ಗೇಣು ಕೆಳಗೆ. ನಾನೇ ಅಳೆದೆ.

ನೀವು ಬರುತ್ತೀರೆಂದು ಕೇಳಿ ಮೇಸ್ತ್ರಿ ಶೆಡ್ಡು ಗುಡಿಸಿದರು. ಅವರು ಪೊರಕೆ ಹಿಡಿದದ್ದನ್ನು ನಾನು ನೋಡಿದ್ದು ಇದೇ ಮೊದಲು.

ಗೇಟಿನಿಂದ ಶುರು ಮಾಡುತ್ತೇನೆ. ಗೇಟು ದಾಟಿದರೆ ಎಡಗಡೆ ತೊರೆ, ಅದರ ಸದ್ದು ಎಡಗಿವಿಗೆ ಜೊತೆಯಲ್ಲೇ ಬರುತ್ತದೆ. ಬಿದಿರಿನ ಮೆಳೆ ಮುಟ್ಟಿದಾಗ ಸದ್ದು ದೂರವಾಗುತ್ತದೆ, ಎಲೆ ತೋಳಿಗೆ ಸವರುತ್ತದೆ, ಅಲ್ಲಿಂದ ಏರು. ಆಮೇಲೆ ಬೇರು. ಅದರ ಬಲತುದಿ ತಗ್ಗು, ಅಲ್ಲಿ ದಾಟುವುದು ಸುಲಭ. ಜಲ್ಲಿ ಮುಗಿದ ಮೇಲೆ ಮರದ ಮೆಟ್ಟಿಲು, ಒಂದೊಂದೂ ಒಂದೊಂದು ಎತ್ತರ, ನಂಬಬೇಡಿ. ಆಮೇಲೆ ಗೋಡೆಬಂಡೆ. ದಾರಿ ಅಲ್ಲಿ ಸಪೂರ. ಎಡಗಡೆ ಬಂಡೆ, ಬಲಗಡೆ ಇಳಿಜಾರು. ಬಂಡೆಗೆ ಸೊಂಟದೆತ್ತರದಲ್ಲಿ ಸರಪಳಿ ಹಾಕಿದೆ, ಎಡಗೈಯಲ್ಲಿ ಹಿಡಿದು ಹೋಗಬೇಕು. ನಡುವೆ ದಾರಿ ಎಡಕ್ಕೆ ತಿರುಗುತ್ತದೆ. ತಿರುಗಿದ ಮೇಲೆ ಮುಖಕ್ಕೆ ಗಾಳಿ ಬಡಿಯುತ್ತದೆ. ಆ ಗಾಳಿ ಸಿಕ್ಕಿದರೆ ಶೆಡ್ಡು ಸಿಕ್ಕ ಹಾಗೆಯೇ. ಕೊನೆಯದೊಂದು ಕಡಿದಾದ ಏರು, ಆಮೇಲೆ ಹುಲ್ಲು.

ನಿಮ್ಮ ಸೂಜಿ

ಚೀಟಿ: ಅಕ್ಕ, ನನಗೆ ಹೆದರಿಕೆಯಾಗುತ್ತಿದೆ. ಜೀಪಿನಲ್ಲಿ ಕರೆದುಕೊಂಡು ಬಂದುಬಿಡು ಎಂದು ಬರೆಯಲು ಮೂರು ಸಲ ಹೊರಟೆ. ಬರೆದರೆ ಅಪ್ಪ ಮತ್ತೆ ಕುರ್ಚಿಗೆ ಹೋಗುತ್ತಾರೆ. ಬರೆಯಲಿಲ್ಲ.


ಅಂಗಡಿ
ಮಾರ್ಚ್ 1

ಸೂಜೀ,

ನಮ್ಮ ತಾರಸಿ ಈಗ ನಿನ್ನ ಬೆಟ್ಟವಾಗಿದೆ. ಬೇರಿನ ಜಾಗದಲ್ಲಿ ಹಳೇ ಬಟ್ಟೆಯ ಥಾನು ಮಡಿಸಿ ಅಡ್ಡ ಇಟ್ಟಿದ್ದೇನೆ. ಜಲ್ಲಿಗೆ ಜಲ್ಲಿಯೇ, ಕಟ್ಟಡದ ಕೆಲಸದವರ ಹತ್ತಿರ ಬೇಡಿ ತಂದೆ. ಮರದ ಮೆಟ್ಟಿಲಿಗೆ ಇಟ್ಟಿಗೆ, ಸರಪಳಿಗೆ ಬಟ್ಟೆ ಒಣಹಾಕುವ ಹಗ್ಗ, ಬಿದಿರಿಗೆ ಮನೆ ಮಾಲೀಕರ ಕ್ರೋಟನ್ ಕುಂಡಗಳು. ತೊರೆಗೆ ಎಡಗಡೆ ನಲ್ಲಿ ತಿರುಗಿಸಿಟ್ಟಿದ್ದೆ, ನೀರಿನ ಬಿಲ್ಲು ಯಾರು ಕಟ್ಟುತ್ತಾರೆಂದು ಮಾಲೀಕರು ಮೇಲೆ ಬಂದು ಕೂಗಾಡಿದರು. ಅಪ್ಪ ಹಗ್ಗ ಹಿಡಿದು ಬರುತ್ತಿರುವುದನ್ನು ನೋಡಿ ಅವರೇ ಸುಮ್ಮನಾಗಿ, ಕುಂಡ ಒದೆಯದಿದ್ದರೆ ಸಾಕು ಎಂದು ಇಳಿದುಹೋದರು.

ಕಂಡಕ್ಟರ್ ಮಾವ ದಿನಾ ಡ್ಯೂಟಿ ಮುಗಿಸಿ ಯೂನಿಫಾರಮ್ಮಿನಲ್ಲೇ ಬಂದು ಕೂಗುತ್ತಾರೆ. "ಬೇರು ಬೇರು ಬೇರು! ಬೇರು ಇಳಿಯೋರು ಮುಂದೆ ಬನ್ನಿ! ರೈಟ್, ಹೋಗಾಣ!" ಅಪ್ಪ, "ಏ, ಬಾಯ್ಮುಚ್ಚೋ, ತೊರೆ ಕೇಳಿಸ್ತಿಲ್ಲ" ಎಂದು ಬೈಯುತ್ತಾರೆ. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತು.

ಎಲ್ಲ ಚೆನ್ನಾಗಿತ್ತು. ನಿನ್ನೆ ಸುಮ್ಮನೆ ಉದ್ಯಾನದ ನಂಬರಿಗೆ ಫೋನು ಮಾಡಿ ಅಪ್ಪನ ಕಿವಿಗೆ ಹಿಡಿದೆ. ಗುಮಾಸ್ತೆಯ ದನಿ ಹೇಳಿತು: "ಗೋಡೆಬಂಡೆಯ ಬಳಿ ಸರಪಳಿ ಇರುವುದಿಲ್ಲ. ಡಿಸೆಂಬರಿನ ಮಣ್ಣುಕುಸಿತದಲ್ಲಿ ಕೊಚ್ಚಿಹೋಗಿದೆ. ಎಚ್ಚರದಿಂದ ನಡೆಯಿರಿ."

ಡಿಸೆಂಬರಿನಲ್ಲಿ ಹೋದ ಸರಪಳಿಯನ್ನು ಫೆಬ್ರವರಿಯಲ್ಲಿ ಹಿಡಿದುಕೊಳ್ಳಿ ಎಂದು ಬರೆದಿದ್ದೀಯಲ್ಲೋ!

ಅಪ್ಪ ಕೂಗಾಡಲಿಲ್ಲ. ಹಗ್ಗ ಬಿಚ್ಚು ಎಂದರು. ಬಿಚ್ಚಿದೆ. ಆಮೇಲೆ ಹೇಳಿ ಬರೆಸಿದರು, ಅವರ ಮಾತಿನಲ್ಲೇ ಬರೆಯುತ್ತೇನೆ: "ಇರೋದನ್ನ ಬರಿ. ಇರಬೇಕಾದ್ದನ್ನ ಬರೀಬೇಡ. ನೀನು ಬರೆದಿದ್ದನ್ನ ನಂಬಿ ನಾನು ಕೈ ಚಾಚ್ತೀನಿ. ನನಗೆ ಇನ್ನೇನೂ ಇಲ್ಲ."

ಅಕ್ಕ


ಬೆಟ್ಟದ ಶೆಡ್ಡು
ಮಾರ್ಚ್ 8

ಅಪ್ಪ,

ಸರಪಳಿ ಇಲ್ಲ. ಇಲ್ಲವೆಂದು ಬರೆದರೆ ನೀವು ಬರುವುದಿಲ್ಲವೆಂದು ಹೆದರಿದೆ. ನೀವು ಬರುವಷ್ಟರಲ್ಲಿ ಹಾಕಿಬಿಡುತ್ತೇವೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ತಪ್ಪಾಯಿತು.

ಬಂಡೆಯಲ್ಲಿ ತೂತು ಕೊರೆಯುವ ಕೆಲಸ ನಿನ್ನೆ ಶುರುವಾಯಿತು. ಮೇಸ್ತ್ರಿ ಕೊರೆಯುತ್ತಾರೆ, ನಾನು ನೀರು ಹಾಕುತ್ತೇನೆ. ಎರಡು ಗೂಟ ನಿಂತಿವೆ. ಉಳಿದವು ನಿಂತಿಲ್ಲ. ನಿಂತಾಗ ನಿಂತವೆಂದು ಬರೆಯುತ್ತೇನೆ. ಜೊತೆಯ ಹಾಳೆಯಲ್ಲಿ ಇಡೀ ದಾರಿಯನ್ನು ಹೊಸದಾಗಿ ಬರೆದಿದ್ದೇನೆ. ಒಂದೊಂದು ಸಾಲಿಗೂ ದಾರಿಯಲ್ಲಿ ನಿಂತು, ಕೈಯಿಟ್ಟು ನೋಡಿ ಬರೆದದ್ದು. ಇದರಲ್ಲಿ ಇಲ್ಲದ್ದು ಯಾವುದೂ ಇಲ್ಲ.

ಸೂಜಿ

ಚೀಟಿ: ಮೇಸ್ತ್ರಿಗೆ ಅಪ್ಪನ ವಿಷಯ ಪೂರ್ತಿ ಹೇಳಿದೆ. ಕಳಿಸಬೇಡ ಎನ್ನುತ್ತಾರೆಂದು ಕಾದಿದ್ದೆ. "ಕಣ್ಣಿರೋರು ಕೈಯಲ್ಲಿ ಫೋನ್ ಹಿಡ್ಕೊಂಡು ಆಕಾಶ ನೋಡ್ಕೊಂಡು ನಡೀತಾರೆ. ನಿಮ್ಮಪ್ಪ ನೆಲದ ಮೇಲೆ ಮನಸ್ಸಿಟ್ಟು ನಡೀತಾರೆ. ಬರಲಿ, ಆದ್ರೆ ಸರಪಳಿ ಹಾಕಿದ ಮೇಲೆ" ಎಂದರು.


ಅಂಗಡಿ
ಮಾರ್ಚ್ 24

ಸೂಜೀ,

ಹೊಸ ಹಾಳೆ ಅಪ್ಪನಿಗೆ ಈಗ ಬಾಯಿಪಾಠ. ನನಗಿಂತ ಮೊದಲು ಅವರೇ ಮುಂದಿನ ಸಾಲು ಹೇಳುತ್ತಾರೆ. ಕೋಲು ಬಲಗೈಯಲ್ಲಿ, ಎಡಗೈ ಬಂಡೆಗೆ, ಬೇರಿನ ಬಲತುದಿ, ಎಲ್ಲ ಮೈಗೆ ಹತ್ತಿಬಿಟ್ಟಿದೆ.

ಬೆಳಿಗ್ಗೆ ಎದ್ದ ಕೂಡಲೇ ಗುಮಾಸ್ತೆಯ ದನಿ ಕೇಳದಿದ್ದರೆ ಟೀ ಕುಡಿಯುವುದಿಲ್ಲ. ಮೊನ್ನೆ "ಸರಪಳಿ ಹಾಕಲಾಗಿದೆ" ಎಂದು ಅವಳು ಹೇಳಿದಾಗ ಅಪ್ಪ ಕುರ್ಚಿಯ ಕೈ ಮೇಲೆ ಒಂದು ಏಟು ಹಾಕಿದರು. ನಿನ್ನ ಕಾಗದ ಇನ್ನೂ ಬಂದಿಲ್ಲ, ಫೋನು ನಿನಗಿಂತ ಮುಂದೆ ಬಂತು ನೋಡು.

ಏಪ್ರಿಲ್ 7ಕ್ಕೆ ಬರುತ್ತೇವೆ. ಮಾವನೂ ಬರುತ್ತಾರಂತೆ. "ಮೂವತ್ತು ವರ್ಷ ಬಸ್ಸಲ್ಲಿ ನಿಂತೇ ಊರೆಲ್ಲ ಸುತ್ತಿದೀನಿ, ಒಂದು ಬೆಟ್ಟ ಯಾವ ಲೆಕ್ಕ" ಎನ್ನುತ್ತಾರೆ.

ಅಕ್ಕ


ಬೆಟ್ಟದ ಶೆಡ್ಡು
ಮಾರ್ಚ್ 31

ಅಪ್ಪ, ಅಕ್ಕ,

ಸರಪಳಿ ನಿಂತಿದೆ. ಮೇಸ್ತ್ರಿಯೂ ನಾನೂ ಒಟ್ಟಿಗೆ ಜೋತುಬಿದ್ದು ನೋಡಿದೆವು.

ಆದರೆ ಏಪ್ರಿಲ್ 7 ಬೇಡ. ಉದ್ಯಾನದ ಆಚೆ ಮಗ್ಗುಲಲ್ಲಿ ಬಿರುಗಾಳಿಗೆ ಮರಗಳು ಉರುಳಿವೆ, ನಮ್ಮನ್ನೆಲ್ಲ ಆ ವಾರ ಅಲ್ಲಿಗೆ ಹಾಕಿದ್ದಾರೆ. 8ರ ಸಂಜೆಗೆ ಮುಂಚೆ ವಾಪಸು ಬರುವುದಿಲ್ಲ. ಈ ದಾರಿಯನ್ನು ಬೇರೆ ಕಾವಲಿನವನು ನೋಡುತ್ತಾನೆ. ನಾನಿಲ್ಲದೆ ಬರಬೇಡಿ. ಒಂದು ವಾರ ಮುಂದೆ ಹಾಕಿ.

ಸೂಜಿ


ಬೆಟ್ಟದ ಶೆಡ್ಡು, ನಿನ್ನದೇ ಮೇಜು
ಏಪ್ರಿಲ್ 7

ಸೂಜೀ,

ಅಪ್ಪ ನಿನ್ನ ಮಂಚದ ಮೇಲೆ ಕೂತಿದ್ದಾರೆ.

ಇದಕ್ಕಿಂತ ದೊಡ್ಡ ಸುದ್ದಿ ನನ್ನ ಹತ್ತಿರ ಇಲ್ಲ, ಅದಕ್ಕೇ ಮೊದಲು ಬರೆದುಬಿಟ್ಟೆ. ಇನ್ನು ಹೇಗೆ ಬಂದರೆಂದು ಹೇಳುತ್ತೇನೆ.

ನಿನ್ನ ಕಾಗದ ನಮಗೆ ಬಂದಿತ್ತು. ಓದಿದರೆ ಅಪ್ಪ, "ಒಳ್ಳೇದೇ ಆಯ್ತು. ಅವನಿದ್ರೆ ಓಡಿ ಬಂದು ಕೈ ಹಿಡೀತಾನೆ. ನಡಿ" ಎಂದರು. ಬೆಳಿಗ್ಗೆ ಫೋನಿನಲ್ಲಿ "ದಾರಿ ಒಣಗಿದೆ, ತೊರೆ ಇಳಿದಿದೆ, ಅಡೆತಡೆ ಇಲ್ಲ" ಎಂದು ಕೇಳಿಯೇ ಹೊರಟೆವು.

ಗೇಟು ದಾಟಿ ಸ್ವಲ್ಪ ನಡೆದಿದ್ದೇವೆ, ಅಪ್ಪ ನಿಂತುಬಿಟ್ಟರು. "ತೊರೆ ಯಾಕೆ ಬಲಗಡೆ ಬಂತು?"

ನೋಡಿದರೆ ಹೌದು, ತೊರೆ ಬಲಗಡೆಯೇ ಹರಿಯುತ್ತಿದೆ. ದಾರಿ ತಪ್ಪಿದೆವೇನೋ ಎಂದು ನಾನು ಓಡಿ ಹೋಗಿ ಗುಮಾಸ್ತೆಯನ್ನು ಕೇಳಿದೆ. ಇರುವುದೇ ಒಂದು ದಾರಿ ಎಂದಳು. ಮತ್ತೆ ಸುಳ್ಳು ಬರೆದೆಯಾ ಎಂದು ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಮಾವ, "ನಡೀರಪ್ಪ, ಬಸ್ಸು ಡಿಪೋಗೆ ವಾಪಸ್" ಎಂದರು. ಅವರ ದನಿಯಲ್ಲೂ ತಮಾಷೆ ಇರಲಿಲ್ಲ.

ಗೇಟಿಗೆ ವಾಪಸು ಬಂದು ಅಪ್ಪ ಅಲ್ಲಿನ ಬೆಂಚಿನ ಮೇಲೆ ಕೂತರು. ಮುಗಿಯಿತು, ಇನ್ನು ಆ ಕುರ್ಚಿಯೇ ಎಂದುಕೊಂಡೆ.

"ಅವನು ಬೆಳಿಗ್ಗೆ ಎಲ್ಲಿಂದ ಹೊರಡ್ತಾನೆ?" ಎಂದು ಕೇಳಿದರು.

"ಮೇಲಿಂದ."

"ಹತ್ತೋದು?"

"ಜೀಪಲ್ಲಿ."

ಅಪ್ಪ ನಕ್ಕರು ಸೂಜೀ. ಬೆಂಚು ಅಲುಗುವ ಹಾಗೆ ನಕ್ಕರು. "ಸುಳ್ಳಲ್ಲ ಕಣೇ. ಬಟ್ಟೆ ತಿರುವಿ ಹಾಕದೆ ಅಂಗಿಗೆ ಎರಡೂ ಬಲತೋಳು ಕತ್ತರಿಸಿದಾನೆ! ಹೊಲಿಗೆ ಕೆಲಸಕ್ಕೆ ಸೇರಿದ ಮೊದಲನೇ ವರ್ಷ ಎಲ್ಲ ಹುಡುಗರೂ ಮಾಡೋದು ಇದೇ. ನಮಗೋಸ್ಕರ ಗೇಟಿಂದ ಶುರು ಮಾಡಿದಾನೆ, ಆದ್ರೆ ಅವನ ಎಡ ಬಲ ಮಾತ್ರ ಇಳಿಯೋವಾಗಿಂದು."

ಅರ್ಥವಾಯಿತೇನೋ ದಡ್ಡ? ನೀನು ಈ ದಾರಿಯನ್ನು ಒಂದು ದಿನವೂ ಹತ್ತಿಲ್ಲ. ನಿನಗೆ ಎಡಗಡೆ ಸಿಗುವುದೆಲ್ಲ ಹತ್ತುವವರಿಗೆ ಬಲಗಡೆ. ಎರಡು ತಿಂಗಳು ನಾವು ತಾರಸಿಯಲ್ಲಿ ಕಲಿತದ್ದೆಲ್ಲ ತಿರುಗುಮುರುಗು.

ಜೀಪಿನ ಡ್ರೈವರು ಎಲ್ಲ ಕೇಳಿಸಿಕೊಂಡು ಬಂದು, "ಮೇಲಕ್ಕೆ ಬಿಡ್ತೀನಿ ಬನ್ನಿ ಯಜಮಾನ್ರೇ, ಅಲ್ಲಿಂದ ಇಳೀರಿ, ನಿಮ್ಮ ಪಾಠಕ್ಕೆ ಸರಿಹೋಗ್ತದೆ" ಎಂದರು. ನನಗೂ ಅದೇ ಸರಿ ಎನಿಸಿತು. "ಹೌದಪ್ಪಾ, ಹಂಗೇ ಮಾಡೋಣ" ಎಂದೆ.

"ಇಳಿಯೋಕೆ ಬಂದಿಲ್ಲ ನಾನು" ಎಂದರು ಅಪ್ಪ. "ನಲವತ್ತು ವರ್ಷ ಬಟ್ಟೆಯ ಉಲ್ಟಾ ಮಗ್ಗುಲಲ್ಲಿ ಗೆರೆ ಎಳೆದು ಸೀದಾ ಮಗ್ಗುಲಿಗೆ ಹೊಲಿದವನು ನಾನು. ಒಂದು ಬೆಟ್ಟ ತಿರುವಿ ಹಾಕೋಕಾಗಲ್ವಾ? ಸ್ವಲ್ಪ ಹೊತ್ತು ಯಾರೂ ಮಾತಾಡ್ಬೇಡಿ."

ಎರಡೂ ಕೈ ಮುಂದೆ ಚಾಚಿ, ಹೊಲಿದ ಅಂಗಿಯ ಒಳಮಗ್ಗುಲನ್ನು ಹೊರಗೆ ಮಾಡುವಾಗ ತೋಳಿನೊಳಗೆ ಕೈ ಹಾಕಿ ಎಳೆಯುತ್ತಾರಲ್ಲ, ಹಾಗೆ ಗಾಳಿಯಲ್ಲಿ ಎಳೆದರು. ಮೊದಲು ತೊರೆ. ಆಮೇಲೆ ಬೇರು. ಆಮೇಲೆ ಬಂಡೆ. ತುಟಿ ಮಾತ್ರ ಅಲುಗುತ್ತಿತ್ತು. ಮುಗಿದ ಮೇಲೆ ಕೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು ಎದ್ದರು.

ಬೇರಿನ ತಗ್ಗುತುದಿ ಎಡಕ್ಕೆ ಸಿಕ್ಕಿತು. "ಸರಿ ಇದೆ" ಎಂದು ದಾಟಿದರು. ಜಲ್ಲಿಯ ಮೇಲೆ ನಿಂತು ಬೇಕೆಂದೇ ಕಾಲುಜ್ಜಿ ಸದ್ದು ಕೇಳಿದರು. ಮೆಟ್ಟಿಲುಗಳನ್ನು ನೀನು ಹೇಳಿದ ಹಾಗೆ ಒಂದನ್ನೂ ನಂಬಲಿಲ್ಲ.

ಗೋಡೆಬಂಡೆಯಲ್ಲಿ ಸರಪಳಿ ಬಲಗೈಗೆ ಬಂತು. ನಾನು ಹಿಂದೆ, ನನ್ನ ಹಿಂದೆ ಮಾವ. ಎಡಗಡೆ ನೋಡಬಾರದೆಂದುಕೊಂಡೂ ನೋಡಿದೆ. ಮರಗಳ ತುದಿ ಕಾಲಿನ ಕೆಳಗಿತ್ತು. ದಾರಿ ಬಲಕ್ಕೆ ತಿರುಗುವ ಜಾಗ ಬಂತು. ತಲೆ ತಿರುವಿ ಹಾಕಿಕೊಂಡದ್ದನ್ನು ಪಾದ ಇನ್ನೂ ಕಲಿತಿರಲಿಲ್ಲ ಸೂಜೀ. ತಾರಸಿಯ ಅಭ್ಯಾಸಕ್ಕೆ ಅಪ್ಪನ ಪಾದ ಎಡಕ್ಕೆ ಹೊರಳಿತು. ಎಡಗಡೆ ಏನೂ ಇಲ್ಲ.

ನನ್ನ ಕೈ ಚಾಚಿಯೇಬಿಟ್ಟಿತ್ತು. ಅಂಗಿಯ ಬೆನ್ನಿಗೆ ಬೆರಳು ತಾಗಲು ಇಷ್ಟೇ ಇತ್ತು. ಹಿಡಿದರೆ ಅಪ್ಪ ಉಳಿಯುತ್ತಾರೆ, ಆದರೆ ಅಲ್ಲಿಗೇ ಎಲ್ಲ ಮುಗಿಯುತ್ತದೆ. "ಉಲ್ಟಾ!" ಎಂದು ಕಿರುಚಿದೆ.

ಪಾದ ಗಾಳಿಯಲ್ಲೇ ನಿಂತಿತು. ಸರಪಳಿ ಬಿಗಿಯಾಯಿತು. ಪಾದ ಮೆಲ್ಲಗೆ ಬಲಕ್ಕೆ ಬಂದು ಕಲ್ಲಿನ ಮೇಲೆ ಕೂತಿತು. ಅಪ್ಪ ಹಿಂದಿರುಗದೆ, "ಕಿವಿ ಹತ್ರ ಯಾಕೆ ಕಿರುಚ್ತೀಯ, ಕಣ್ಣು ಹೋಗಿದೆ, ಕಿವಿ ಇದೆ" ಎಂದರು. ನಾನು ನನ್ನ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಮುಖಕ್ಕೆ ಗಾಳಿ ಬಡಿಯಿತು.

ಕೊನೆಯ ಏರಿನಲ್ಲಿ ಒಬ್ಬರು ಕೂತುಬಿಟ್ಟರು. ಅಪ್ಪ ಅಲ್ಲ, ಕಂಡಕ್ಟರ್ ಮಾವ. "ಡೀಸೆಲ್ ಮುಗೀತು, ನನ್ನ ಇಲ್ಲೇ ಬಿಟ್ಬಿಡಿ" ಎಂದು ಏದುಸಿರು ಬಿಟ್ಟರು. ಅಪ್ಪ ದನಿ ಬಂದ ಕಡೆಗೆ ನಾಲ್ಕು ಹೆಜ್ಜೆ ಇಳಿದು ಕೈ ಚಾಚಿ, "ಹಿಡ್ಕೋ" ಎಂದರು.

"ಯಾರೂ ಕೈ ಹಿಡೀಬಾರ್ದು ಅಂದಿದ್ದೆ?"

"ನನ್ನ ಕೈ ಯಾರೂ ಹಿಡೀಬಾರ್ದು ಅಂದಿದ್ದು. ನಿನ್ನ ಕೈ ನಾನು ಹಿಡೀಬಾರ್ದು ಅಂತ ಯಾರಂದ್ರು? ಏಳು, ಟಿಕೆಟ್ ತಗೊಂಡಿದೀಯ."

ಮಾವನನ್ನು ಎಳೆದುಕೊಂಡೇ ಹುಲ್ಲಿನ ಮೇಲೆ ಬಂದರು. ಬಂದು, ಗಾಳಿಗೆ ಮುಖ ಕೊಟ್ಟು, ತಮ್ಮ ಜೀವಮಾನದಲ್ಲೇ ಕೂಗದಷ್ಟು ಗಟ್ಟಿಯಾಗಿ "ಹೋಯ್" ಎಂದು ಕೂಗಿದರು. ಎದುರು ಬೆಟ್ಟ ವಾಪಸು ಕೂಗಿತು. ಅಲ್ಲಿ ಕೂತು ತಿಂಡಿ ತಿನ್ನುತ್ತಿದ್ದ ಚಾರಣಿಗರೆಲ್ಲ ಎದ್ದು ನಿಂತರು. ಯಾರೋ ಚಪ್ಪಾಳೆ ಹೊಡೆದರು. ಯಾಕೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಈಗ ನಿನ್ನ ಶೆಡ್ಡನ್ನೆಲ್ಲ ಮುಟ್ಟಿ ನೋಡಿ ಆಯಿತು. ಮೊಳೆಗೆ ನೇತುಹಾಕಿದ್ದ ಅಂಗಿಗೆ ಎದೆಯ ಮೇಲೆ ಗುಂಡಿ ಇಲ್ಲ ಎಂದು ಬೈದರು, ಟೈಲರನ ಮಗ ಎಂದು ಹೇಳಿಕೊಳ್ಳಬೇಡ ಎಂದರು. ನಾನು ದಾರ ಪೋಣಿಸಿ ಕೊಟ್ಟೆ, ಗುಂಡಿ ಅವರೇ ಹಾಕಿದ್ದಾರೆ. ಕಣ್ಣು ಹೋದ ಮೇಲೆ ಇದೇ ಮೊದಲ ಹೊಲಿಗೆ.

ಇನ್ನೊಂದು ವಿಷಯ. ನಿನಗೆ ಎಲ್ಲ ಗೊತ್ತೆಂದು ಅಪ್ಪನಿಗೆ ಮೊದಲಿಂದಲೂ ಗೊತ್ತಿತ್ತಂತೆ. "ಅವನು ಬಣ್ಣ ಬಿಟ್ಟು ಬರೆದ ದಿನಾನೇ ಗೊತ್ತಾಯ್ತು ನೀನು ಹೇಳಿಬಿಟ್ಟಿದೀಯ ಅಂತ. ಕಾಡಿನ ವಿಷಯ ಬರೆದು ಒಂದು ಹಸಿರು ಬರೆಯದವನು ಯಾವನು?" ಎಂದರು. ನನಗೆ ನಾಚಿಕೆಯಾಯಿತು. "ಕೆಲಸ ಬಿಟ್ಟು ಓಡಿ ಬರಲಿಲ್ವಲ್ಲ, ಅದಕ್ಕೆ ಸುಮ್ನಿದ್ದೆ. ಕಣ್ಣು ಹೋದ್ರೆ ಬಣ್ಣ ಹೋಗುತ್ತಾ? ಬರೀಲಿಕ್ಕೆ ಹೇಳು" ಎಂದು ಈಗ ಮಂಚದ ಮೇಲಿಂದ ಹೇಳುತ್ತಿದ್ದಾರೆ.

ಜೀಪು ಬಂತು. ಇಳಿಯುವುದಕ್ಕೆ ಜೀಪು ಆಗಬಹುದಂತೆ.

ಅಕ್ಕ


ಬೆಟ್ಟದ ಶೆಡ್ಡು
ಏಪ್ರಿಲ್ 10

ಅಪ್ಪ,

8ರ ಸಂಜೆ ಬಂದೆ. ಅಕ್ಕನ ಕಾಗದ ಓದಿ, ಗುಂಡಿ ಹಾಕಿದ ಅಂಗಿ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ. ಇರುವುದನ್ನೇ ಬರೆದೆ ಎಂದು ಎದೆ ತಟ್ಟಿಕೊಂಡಿದ್ದವನು ನಿಮ್ಮ ಪಾದವನ್ನು ಇಲ್ಲದ ಕಡೆಗೆ ಕಳಿಸುತ್ತಿದ್ದೆ.

ನಿನ್ನೆ ದಾರಿ ನೋಡಿ ಕೆಳಗಿಳಿದ ಮೇಲೆ ಜೀಪು ಹತ್ತಲಿಲ್ಲ. ಬಂದ ದಾರಿಯಲ್ಲೇ ಮೊದಲ ಸಲ ಮೇಲಕ್ಕೆ ನಡೆದೆ. ದಿನಾ ಕಾಣುವ ಮರಗಳು ಬೆನ್ನು ತೋರಿಸುತ್ತಿದ್ದವು. ತಿರುವು ಬರುವುದೇ ತಿಳಿಯಲಿಲ್ಲ. ಮೆಟ್ಟಿಲಿನಲ್ಲಿ ಎರಡು ಸಲ ಎಡವಿದೆ, ಗೋಡೆಬಂಡೆಯಲ್ಲಿ ನಾನೂ ತಪ್ಪು ಕೈ ಚಾಚಿದೆ. ಕಣ್ಣಿದ್ದೂ! ನಡೆಯುವವರೆಲ್ಲ ಹತ್ತುವವರೇ, ನಾನೊಬ್ಬ ಇಳಿಯುವವನು ಇಷ್ಟು ದಿನ ಅವರಿಗೆ ದಾರಿ ಹೇಳುತ್ತಿದ್ದೆ. ಮೇಸ್ತ್ರಿಗೆ ಹೇಳಿದೆ. ತಲೆ ಕೆರೆದುಕೊಂಡು, "ಇಪ್ಪತ್ತು ವರ್ಷದಿಂದ ನಾನೂ ಹಂಗೇ ಹೇಳ್ತಿದೀನಲ್ಲಯ್ಯಾ" ಎಂದರು. ಇವತ್ತಿನಿಂದ ಗುಮಾಸ್ತೆಯ ಹಲಗೆಯಲ್ಲಿ "ಹತ್ತುವಾಗ ಎಡಕ್ಕೆ, ಹತ್ತುವಾಗ ಬಲಕ್ಕೆ" ಎಂದು ಬರುತ್ತದೆ. ನೀವು ಫೋನು ಮಾಡಿ ಕೇಳಿ.

ಈಗ ಬಣ್ಣ. ನೀವು ಕೂಗಿದಿರಲ್ಲ, ಆ ಹುಲ್ಲು ಈಗ ಒಣಗಿ ಖಾಕಿ ಆಗಿದೆ, ಹಲವು ಸಲ ಒಗೆದ ಖಾಕಿ. ಎದುರು ಬೆಟ್ಟ ಹತ್ತಿರ ಬಾಟಲಿ ಹಸಿರು, ಅದರ ಹಿಂದಿನದು ಬೂದು, ಕೊನೆಯದು ಶಾಲಾ ಯೂನಿಫಾರಮ್ಮಿನ ತಿಳಿನೀಲಿ. ಬಂಡೆಯ ಮೇಲೆ ಪಾಚಿ ಗಿಳಿಹಸಿರು. ನೀವು ನಿಂತ ಜಾಗದಲ್ಲಿ ಒಂದು ಚಿಕ್ಕ ಹೂವಿದೆ, ಅದರ ಕೆಂಪಿಗೆ ನಿಮ್ಮ ಅಂಗಡಿಯಲ್ಲಿ ದಾರ ಸಿಗುವುದಿಲ್ಲ.

ನಿಮ್ಮ ಸೂಜಿ


ಅಂಗಡಿ
ಏಪ್ರಿಲ್ 19

ಸೂಜೀ,

ಬಣ್ಣ ಓದಿದೆ. ಆ ಕೆಂಪು ದಾರ ಮೇಲಿನ ಅರೆಯಲ್ಲಿ ಎಡತುದಿಯಲ್ಲಿದೆ, ಬಂದು ನೋಡಲಿ ಎಂದರು ಅಪ್ಪ.

ಬೆಳಿಗ್ಗೆ ಅಂಗಡಿಗೆ ಅವರೇ ಇಳಿಯುತ್ತಾರೆ. ಮೆಟ್ಟಿಲ ಮೇಲೆ ನನಗೆ ಜಾಗ ಬಿಡು ಎಂದು ಬೈಯುತ್ತಾರೆ. ಗಿರಾಕಿಗಳ ಅಳತೆ ಈಗ ಅವರದು, ಕತ್ತರಿ ನನ್ನದು. ಕುರ್ಚಿಯನ್ನು ಕಂಡಕ್ಟರ್ ಮಾವ ಹೊತ್ತುಕೊಂಡು ಹೋಗಿದ್ದಾರೆ, ಬೆಟ್ಟ ಹತ್ತಿದ ಮೇಲೆ ಅವರಿಗೆ ಮಂಡಿ ನೋವಂತೆ.

ಇವತ್ತು ಹೆಚ್ಚು ಬರೆಯಲಾರೆ. ಅಪ್ಪ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತು ಅವಸರ ಮಾಡುತ್ತಿದ್ದಾರೆ. ಅಂಚೆ ಡಬ್ಬಿ ಇರುವುದು ದೊಡ್ಡ ರಸ್ತೆಯ ಆಚೆ, ನಿನಗೆ ಗೊತ್ತಲ್ಲ. ನಡುವೆ ಸೈಕಲ್ ರಿಪೇರಿಯವನು ಹರಡಿಕೊಂಡ ಚಕ್ರಗಳು, ಮುಚ್ಚಳ ಅಲುಗುವ ಚರಂಡಿ, ಹಣ್ಣಿನ ಗಾಡಿಗಳು, ಆಮೇಲೆ ಬಸ್ಸುಗಳು. ಎಲ್ಲವನ್ನೂ ನಿನ್ನೆ ನನ್ನಿಂದ ಹೇಳಿಸಿಕೊಂಡಿದ್ದಾರೆ. ಹೋಗುವಾಗಿನ ಎಡ ಯಾವುದು, ಬರುವಾಗಿನ ಎಡ ಯಾವುದು ಎಂದು ಬೇರೆ ಬೇರೆ ಕೇಳಿಕೊಂಡಿದ್ದಾರೆ. ನಾನು ಹಿಂದೆ ಬರಬಾರದಂತೆ, ಕಿಟಕಿಯಿಂದ ನೋಡಲೂ ಬಾರದಂತೆ.

ನೋಡುವುದಿಲ್ಲ. ಲಕೋಟೆ ಅಂಟಿಸಿ ಅವರ ಕೈಗೆ ಕೊಡುತ್ತಿದ್ದೇನೆ.

ಈ ಕಾಗದ ನಿನ್ನ ಕೈಯಲ್ಲಿದ್ದರೆ ಅಪ್ಪ ರಸ್ತೆ ದಾಟಿದ್ದಾರೆ.

ಅಕ್ಕ